ಅಪ್‌ಡೇಟ್: ಎಬಿಸಿ ಸಸ್ಪೆನ್ಷನ್‌ಗೆ ಮುನ್ನೆಚ್ಚರಿಕೆಯ ಸರ್ವೀಸ್ ಮಾಡಿಸಿದೆ

ನನ್ನ 2002ರ ಮರ್ಸಿಡಿಸ್ ಸಿಎಲ್ 500 ಕಾರಿನ ಎಬಿಸಿ (ಆ್ಯಕ್ಟಿವ್ ಬಾಡಿ ಕಂಟ್ರೋಲ್) ಎಂಬ ಹೈಡ್ರಾಲಿಕ್ ಸಸ್ಪೆನ್ಷನ್‌ನಲ್ಲಿ, ಎಚ್ಚರಿಕೆಯ ದೀಪ ಹತ್ತುವ ಮೊದಲೇ ಏನೇನು ಬದಲಿಸಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಹಸಿರಾಗಿರಬೇಕಾದ ಪೆಂಟೋಸಿನ್ ಸಿಎಚ್‌ಎಫ್ 11ಎಸ್ ಆಯಿಲ್ ಕಡುಕಂದಾಗಿತ್ತು. ಬಿಳಿ ಬಟ್ಟೆಗೆ ಒರೆಸಿದಾಗ ಕಪ್ಪು ಕಣಗಳು ಉಳಿದವು. ಫಿಲ್ಟರ್ ಬದಲಿಸಿ, ಹೊಸ ಆಯಿಲ್ ತುಂಬಿ, ಡಯಾಗ್ನಸ್ಟಿಕ್ ಉಪಕರಣದಿಂದ ಕಾರನ್ನು ಮೇಲೆ ಕೆಳಗೆ ಆಡಿಸುವ ‘ರೋಡಿಯೋ’ ಮಾಡಿಸಿ, ವಾರದ ನಂತರ ಫಿಲ್ಟರನ್ನು ಮತ್ತೊಮ್ಮೆ ಬದಲಿಸಿದೆವು.

ಹೆಚ್ಚು ಗಮನ ಬೇಡಿದ್ದು ಅಕ್ಯುಮುಲೇಟರ್‌ಗಳು, ಅಂದರೆ ಆಯಿಲ್ ಒತ್ತಡದ ಪೆಟ್ಟನ್ನು ತಗ್ಗಿಸುವ ಗೋಳಗಳು. ಪಂಪು ಸುಮಾರು 200 ಬಾರ್ ಒತ್ತಡದಲ್ಲಿ ಆಯಿಲನ್ನು ತಳ್ಳುವಾಗ ಉಂಟಾಗುವ ಏರಿಳಿತವನ್ನು ಈ ಗೋಳಗಳಲ್ಲಿ ರಬ್ಬರ್ ಪೊರೆಯ ಹಿಂದಿರುವ ನೈಟ್ರೋಜನ್ ಹೀರಿಕೊಳ್ಳುತ್ತದೆ. ಪೊರೆ ಹರಿದರೆ ಆ ಪೆಟ್ಟೆಲ್ಲ ಹೋಸ್‌ಗಳ ಮೇಲೆ ಬೀಳುತ್ತದೆ. ಬಿಚ್ಚಿದ ಒಂದು ಗೋಳದ ಬಾಯಿಗೆ ತೆಳ್ಳನೆಯ ಕಡ್ಡಿ ತೂರಿಸಿದಾಗ ಅದು ಎಲ್ಲಿಯೂ ತಡೆಯದೆ ತಳದವರೆಗೂ ಇಳಿಯಿತು, ಅಂದರೆ ಪೊರೆ ಹರಿದಿತ್ತು. ಇದು ವಯಸ್ಸಿನ ಸಹಜ ಸವೆತ, ತಯಾರಿಕೆಯ ದೋಷವಲ್ಲ. ಹೀಗಾಗಿ ಒಂದನ್ನಷ್ಟೇ ಅಲ್ಲದೆ ಎಲ್ಲ ಗೋಳಗಳನ್ನೂ ಬದಲಿಸಿದೆ. ಖರ್ಚು ಹೆಚ್ಚಾದರೂ ಪಂಪು ಕೆಡುವುದಕ್ಕಿಂತ ಅದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ನೀವೇ ಕೆಲಸ ಮಾಡುವುದಾದರೆ, ಭದ್ರವಾದ ಸ್ಟ್ಯಾಂಡ್‌ಗಳಿಲ್ಲದೆ ಕಾರಿನ ಕೆಳಗೆ ದಯವಿಟ್ಟು ಹೋಗಬೇಡಿ. ಒತ್ತಡ ಇಳಿದರೆ ಕಾರೂ ಕೆಳಕ್ಕೆ ಕೂರುತ್ತದೆ.