ಸಹಾಯ ಬೇಕು: ಮಕ್ಕಳ 12 ವೋಲ್ಟ್ ಕಾರಲ್ಲಿ ಕಂಟ್ರೋಲರ್ ಎಲ್ಲಿ ಕೂರಿಸೋದು?

ಮಕ್ಕಳು ಕೂತು ಓಡಿಸೋ 12 ವೋಲ್ಟ್ ಕಾರು. ಹಿಂದಿನ ಚಕ್ರಗಳಿಗೆ ಒಂದೊಂದು 550 ಸೈಜಿನ ಚಿಕ್ಕ ಡಿಸಿ ಮೋಟರ್, ಪ್ಲಾಸ್ಟಿಕ್ ಗೇರ್‌ಬಾಕ್ಸ್. ಲೋ ಸ್ಪೀಡಲ್ಲಿ ಮೋಟರ್‌ಗಳು ಸೀರೀಸ್ (ಒಂದರ ಹಿಂದೊಂದು, ವೋಲ್ಟೇಜ್ ಹಂಚಿಕೆ), ಹೈನಲ್ಲಿ ಪ್ಯಾರಲಲ್ (ಎರಡಕ್ಕೂ ಪೂರ್ತಿ ವೋಲ್ಟೇಜ್). ಲೋನಲ್ಲಿ ಹುಲ್ಲಿನ ಮೇಲೆ ಒಂದು ಚಕ್ರ ಜಾರಿದ್ರೆ ಅದೊಂದೇ ಗಿರಗಿರ ತಿರುಗುತ್ತೆ. ವೋಲ್ಟೇಜ್ ಬಹುಪಾಲು ಅದಕ್ಕೇ ಹೋಗಿ ಇನ್ನೊಂದು ನಿಂತೇಬಿಡುತ್ತೆ. ಹೈಗೆ ಹಾಕಿದ್ರೆ ಹೊರಡುವಾಗಿನ ಜರ್ಕಿಗೆ ಗೇರಿನ ಹಲ್ಲು ಮುರಿಯುತ್ತೆ.

ಗೇರ್ ಬದಲಿಸಿ ಗ್ರೀಸ್ ಹಾಕಿದ್ದಾಯ್ತು. ಟೈರಿಗೆ ರಬ್ಬರ್ ಪಟ್ಟಿನೂ ಸುತ್ತಿದ್ದಾಯ್ತು, ಆದ್ರೆ ಹಿಡಿತ ಹೆಚ್ಚಾದಷ್ಟೂ ಗೇರಿಗೇ ಪೆಟ್ಟು. ಈಗ ಎರಡೂ ಮೋಟರನ್ನ ಕಾಯಂ ಪ್ಯಾರಲಲ್ ಮಾಡಿ, ಸಾಫ್ಟ್ ಸ್ಟಾರ್ಟ್ (ಹೊರಡುವಾಗ ನಿಧಾನಕ್ಕೆ ವೇಗ ಏರಿಸೋದು) ಇರೋ 30 ಆಂಪಿಯರ್ ಪಿಡಬ್ಲ್ಯೂಎಂ ಕಂಟ್ರೋಲರ್ (ಕರೆಂಟನ್ನ ಬೇಗಬೇಗ ಆನ್-ಆಫ್ ಮಾಡಿ ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್) ಹಾಕೋಣ ಅಂತಿದೀನಿ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇದೆ.

ಗೊಂದಲ ಇಲ್ಲಿ: ಕಂಟ್ರೋಲರ್ ಫಾರ್ವರ್ಡ್-ರಿವರ್ಸ್ ಸ್ವಿಚ್‌ಗಿಂತ ಮುಂಚೆ (ಬ್ಯಾಟರಿ ಕಡೆ) ಇದ್ರೆ, ಮಗು ಪೆಡಲ್ ಬಿಡದೆ ರಿವರ್ಸಿಗೆ ಒತ್ತಿದಾಗ (ಒತ್ತೇ ಒತ್ತುತ್ತೆ!) ಸಾಫ್ಟ್ ಸ್ಟಾರ್ಟ್ ಮತ್ತೆ ಶುರುವಾಗಲ್ಲ, ಗೇರಿಗೆ ಉಲ್ಟಾ ಹೊಡೆತ. ಸ್ವಿಚ್ ಆದ್ಮೇಲೆ ಇಟ್ರೆ ಪ್ಲಸ್-ಮೈನಸ್ ಅದಲುಬದಲಾಗಿ ಕಂಟ್ರೋಲರೇ ಸುಡುತ್ತೆ.

ಸ್ವಿಚ್ ನಡುವಿನ ಸ್ಥಾನಕ್ಕೆ ಬಂದಾಗ ಕಂಟ್ರೋಲರಿನ ಸಪ್ಲೈ ಕಟ್ ಆಗೋ ಹಾಗೆ ಇನ್ನೊಂದು ಕಾಂಟ್ಯಾಕ್ಟ್ ಸೇರಿಸಿದ್ರೆ ಸಾಕಾ, ಇಲ್ಲಾ ರಿವರ್ಸ್ ಇನ್‌ಪುಟ್ ಇರೋ ಎಚ್-ಬ್ರಿಜ್ ಕಂಟ್ರೋಲರೇ (ಮೋಟರಿಗೆ ಹೋಗೋ ಪ್ಲಸ್-ಮೈನಸ್ ತಾನೇ ಅದಲುಬದಲು ಮಾಡೋದು) ಬೇಕಾ? ಮಾಡಿ ನೋಡಿದವರು ವೈರಿಂಗ್ ಸಮೇತ ಹೇಳಿ.