ಹಳೆ ಕರಡಿ ಗೊಂಬೆಗೆ ಲಕ್ಷ ರೂಪಾಯಿ ಅಂತ ತೋರಿಸುತ್ತಿದೆ, ನಿಜವಾ?

ಮಾಳಮಡ್ಡಿ_ಮನೆ:
ನಮಸ್ಕಾರ್ರೀ. ಧಾರವಾಡದ ಹಳೆ ಮನೆ ಖಾಲಿ ಮಾಡುವಾಗ ಅಟ್ಟದ ಟ್ರಂಕಿನಲ್ಲಿ ಎರಡು ಕರಡಿ ಗೊಂಬೆ ಸಿಕ್ಕವು. ಎರಡನ್ನೂ ಅಮೆರಿಕದಲ್ಲಿದ್ದ ಸೋದರಮಾವ 1998ರಲ್ಲಿ ತಂದಿದ್ದ. ಒಂದು ನೇರಳೆ ಬಣ್ಣದ್ದು, ಎದೆ ಮೇಲೆ ಬಿಳಿ ಗುಲಾಬಿ, ಟೈ ಅನ್ನುವ ಅಮೆರಿಕದ ಕಂಪನಿಯ 'ಬೀನಿ ಬೇಬಿ' ಸಾಲಿನ ಗೊಂಬೆ, ಹೆಸರು ಪ್ರಿನ್ಸೆಸ್. ಆನ್‌ಲೈನ್ ಮಾರಾಟ ತಾಣ ಇಬೇಯಲ್ಲಿ ಇದಕ್ಕೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ! ಇನ್ನೊಂದು ಕಂದು ಬಣ್ಣದ್ದು, ಸಂತೆಯಲ್ಲಿ ಕೊಂಡ ಹಳೇ ಮಾಲಂತೆ. ಒತ್ತಿದರೆ ಒಳಗೆ ಕರಕರ ಅನ್ನುತ್ತದೆ. ಗಲೀಜಾಗಿದೆ, ನಾಳೆ ಸೋಪಿನ ಪುಡಿಯಲ್ಲಿ ನೆನೆಹಾಕೋಣ ಅಂತಿದ್ದೇನೆ. ಬೆಲೆ ಹೇಗೆ ಗೊತ್ತುಮಾಡೋದು?

ದುರ್ಗದಬೈಲ್_ಆಟಿಗೆ:
ಮೊದಲು ಆ ಬಕೆಟ್ ದೂರ ಇಡಿ! ಕರಕರ ಅನ್ನುವುದು ಮರದ ತೆಳು ಎಳೆ ಇರಬಹುದು. ಹಳೇ ಕಾಲದಲ್ಲಿ ಅದನ್ನೇ ತುಂಬುತ್ತಿದ್ದರು. ನೀರು ಬಿದ್ದರೆ ಒಳಗೇ ಕೊಳೆಯುತ್ತದೆ. ಮೆತ್ತನೆ ಬ್ರಶ್ಶಿನಿಂದ ಧೂಳು ಕೊಡವಿ, ಸಾಕು.

ಪ್ರಿನ್ಸೆಸ್ ವಿಷಯ ಬೇಜಾರಿನದು. ಲಕ್ಷ ಅನ್ನುವುದು ಕೇಳುವ ಬೆಲೆ, ಕೊಟ್ಟ ಬೆಲೆ ಅಲ್ಲ. ನಾನೂ ನನ್ನ ಹಳೇ ಸೈಕಲ್ಲಿಗೆ ಲಕ್ಷ ಕೇಳಬಹುದು, ಅಲ್ವಾ? ಇಬೇಯಲ್ಲಿ 'ಮಾರಾಟವಾದವು' ಅನ್ನುವ ಫಿಲ್ಟರ್ ಹಾಕಿ ನೋಡಿ. ಬ್ರಿಟನ್ನಿನ ರಾಜಕುಮಾರಿ ಡಯಾನಾ ನೆನಪಿಗೆ 1997ರಲ್ಲಿ ಬಂದ ಈ ಕರಡಿ ರಾಶಿರಾಶಿ ಇದೆ. ಹೆಚ್ಚಿನವು ಕೆಲವೇ ಡಾಲರಿಗೆ ಹೋಗುತ್ತವೆ. ಒಳಗೆ ತುಂಬಿದ್ದು ಪಿವಿಸಿ ಪ್ಲಾಸ್ಟಿಕ್ ಗುಳಿಗೆ, ಇಂಡೊನೇಷ್ಯಾದ್ದು, ಚೀಟಿಯಲ್ಲಿ ಅಕ್ಷರ ತಪ್ಪು, ಅದಕ್ಕೇ ಅಪರೂಪ ಅಂತ ಮಾರುವವರು ಏನೇ ಹೇಳಿದರೂ ಸುಮ್ನೆ ನಂಬಬೇಡಿ. ಬೀನಿಯಲ್ಲಿ ಬೆಲೆ ಇರುವುದು ಹೆಚ್ಚಾಗಿ 1993-94ರ ಮೊದಮೊದಲ ಮಾಲಿಗೆ. ಅವುಗಳ ಹೃದಯದಾಕಾರದ ಕೆಂಪು ಚೀಟಿ ಒಂದೇ ಹಾಳೆ, ಪುಸ್ತಕದಂತೆ ತೆರೆಯುವುದಿಲ್ಲ.

ಕಂದು ಕರಡಿಯ ಎಡಗಿವಿ ನೋಡಿದ್ರಾ? ಜರ್ಮನಿಯ ಗೊಂಬೆ ಕಂಪನಿ ಸ್ಟೈಫ್ 1904ರಿಂದ ತನ್ನ ಗುರುತಾಗಿ ಕಿವಿಗೆ ಲೋಹದ ಗುಂಡಿ ಹಾಕುತ್ತಿದೆ. ಗುಂಡಿಯ ಹಿಂದೆ ಬಟ್ಟೆ ಚೀಟಿ ಇರುತ್ತದೆ. ಬಿಳಿ ಚೀಟಿ ಇದ್ದರೆ ಹಳೇದರ ಮರುತಯಾರಿಕೆಯೂ ಇರಬಹುದು.

ಗದಗ_ಗೊಂಬೆಮನೆ:
ನುಸಿ ಗುಳಿಗೆ ಜೊತೆ ಇಟ್ಟಿದ್ರಾ? ಆ ವಾಸನೆ ಬಂದರೆ ಕೊಳ್ಳುವವರು ಮುಖ ತಿರುಗಿಸುತ್ತಾರೆ. ನೆರಳಲ್ಲಿ ಗಾಳಿಗೆ ಇಡಿ, ಬಿಸಿಲಿಗೆ ಬೇಡ, ಬಣ್ಣ ಹೋಗುತ್ತದೆ.

ಮಾಳಮಡ್ಡಿ_ಮನೆ:
ತೊಳೆಯಲಿಲ್ಲ, ಪುಣ್ಯ. ಫಿಲ್ಟರ್ ಹಾಕಿದೆ, ಪ್ರಿನ್ಸೆಸ್ ಕಥೆ ನೀವು ಹೇಳಿದಂತೆಯೇ ಇದೆ. ಕಂದು ಕರಡಿಗೆ ಗುಂಡಿ ಇಲ್ಲ! ಎಡಗಿವಿಯಲ್ಲಿ ಸಣ್ಣದೊಂದು ತೂತು ಮಾತ್ರ ಇದೆ. ಅವ್ವನನ್ನ ಕೇಳಿದರೆ, "ನೀ ಬಾಯಿಗೆ ಹಾಕ್ಕೊಳ್ತೀ ಅಂತ ನಾನೇ ಇಕ್ಕಳದಿಂದ ಕಿತ್ತಿದ್ದೆ" ಅಂದಳು.

ದುರ್ಗದಬೈಲ್_ಆಟಿಗೆ:
ಅಯ್ಯೋ ಅವ್ವಾ! ತೂತೊಂದೇ ಸಾಕ್ಷಿ ಆಗುವುದಿಲ್ಲ ಮೇಡಂ. ಕೈಕಾಲು ತಿರುಗುತ್ತವಾ, ಕಣ್ಣು ಗಾಜಿನದಾ, ಮೂಗು ದಾರದಲ್ಲಿ ಹೊಲಿದದ್ದಾ, ಹತ್ತಿರದಿಂದ ಫೋಟೊ ಹಾಕಿ. ಅವ್ವ ಆ ಗುಂಡಿ ಏನು ಮಾಡಿದರು?

ಮಾಳಮಡ್ಡಿ_ಮನೆ:
ನಮ್ಮ ಅವ್ವ ಗುಂಡಿ ಎಸೆಯುವವಳಲ್ಲ. ಹೊಲಿಗೆ ಡಬ್ಬಿ ಚಾಪೆ ಮೇಲೆ ಸುರುವಿದ್ದೇನೆ. ಈತನಕ ಅಂಗಿ ಗುಂಡಿ, ಹುಕ್ಕು, ಯಾರದೋ ಒಂಟಿ ಬೆಂಡೋಲೆ ಸಿಕ್ಕಿವೆ. ಇನ್ನೂ ಅರ್ಧ ಡಬ್ಬಿ ಇದೆ.