‘ಬನ್ನಿ ಲೇಕ್ ಈಸ್ ಮಿಸ್ಸಿಂಗ್’ ನೋಡಿದವರು ಯಾಕಿಷ್ಟು ಕಡಿಮೆ?

ಕದ್ರಿ ಗುಡ್ಡೆ:
ಹಿಚ್‌ಕಾಕ್ ಹೆಸರು ಎತ್ತಿದರೆ ಇಲ್ಲಿ ಎಲ್ಲರಿಗೂ ಹೇಳಲು ಏನಾದರೂ ಇರುತ್ತದೆ. ‘ಸೈಕೋ’ ಬಗ್ಗೆ ನಾವು ಮಾತಾಡದ ವಿಷಯವೇ ಉಳಿದಿಲ್ಲ. ಅದೇ ಕಾಲದ ಇನ್ನೊಂದು ಗಟ್ಟಿ ಸಿನಿಮಾವನ್ನು ಮಾತ್ರ ಯಾರೂ ನೆನಪು ಮಾಡಿಕೊಳ್ಳುವುದಿಲ್ಲ. ಒಟ್ಟೊ ಪ್ರೆಮಿಂಜರ್ ನಿರ್ದೇಶನದ ‘ಬನ್ನಿ ಲೇಕ್ ಈಸ್ ಮಿಸ್ಸಿಂಗ್’, 1965ರದ್ದು, ಕಪ್ಪು ಬಿಳುಪು.

ಕಥೆ ಇಷ್ಟು. ಆನ್ ಲೇಕ್ ಅಮೆರಿಕದಿಂದ ಲಂಡನ್‌ಗೆ ಬಂದ ಹೊಸತು. ನಾಲ್ಕು ವರ್ಷದ ಮಗಳು ಬನ್ನಿಯನ್ನು ಮೊದಲ ದಿನ ಶಾಲೆಗೆ ಬಿಟ್ಟು ಹೋಗುತ್ತಾಳೆ. ಕರೆದುಕೊಂಡು ಹೋಗಲು ಬಂದಾಗ ಮಗು ಇಲ್ಲ. ಮಗು ಇಲ್ಲ ಅನ್ನುವುದಷ್ಟೇ ಅಲ್ಲ, ಅಂಥ ಮಗುವನ್ನು ಶಾಲೆಯಲ್ಲಿ ನೋಡಿದವರೇ ಯಾರೂ ಇಲ್ಲ. ಮನೆಗೆ ಹೋಗಿ ನೋಡಿದರೆ ಬಟ್ಟೆ, ಆಟಿಕೆ, ಪಾಸ್‌ಪೋರ್ಟ್ ಎಲ್ಲ ಮಾಯ. ತನಿಖೆಗೆ ಬಂದ ಸೂಪರಿಂಟೆಂಡೆಂಟ್ ನ್ಯೂಹೌಸ್‌ಗೆ (ಲಾರೆನ್ಸ್ ಒಲಿವಿಯರ್) ನಿಧಾನಕ್ಕೆ ಒಂದು ಅನುಮಾನ ಶುರುವಾಗುತ್ತದೆ: ಈ ಮಗು ನಿಜಕ್ಕೂ ಇತ್ತೇ?

ಪ್ರೆಮಿಂಜರ್ ಮಾಡಿದ ದೊಡ್ಡ ಕೆಲಸ ಒಂದೇ. ಮಗುವನ್ನು ನಮಗೂ ತೋರಿಸುವುದಿಲ್ಲ. ಸಿನಿಮಾ ಶುರುವಾಗುವಾಗಲೇ ಆನ್ ಮಗುವನ್ನು ಬಿಟ್ಟು ಆಗಿದೆ. ಹಾಗಾಗಿ ನ್ಯೂಹೌಸ್‌ಗೆ ಎಷ್ಟು ಗೊತ್ತೋ ನಮಗೂ ಅಷ್ಟೇ ಗೊತ್ತು. ಒಬ್ಬ ತಾಯಿಯ ಮಾತನ್ನು ಬರೀ ಅವಳ ಮಾತು ಅನ್ನುವ ಕಾರಣಕ್ಕೆ ನಂಬುತ್ತೇವಾ ಅಂತ ಸಿನಿಮಾ ನಮ್ಮನ್ನೇ ಕೇಳುತ್ತದೆ. ಸಸ್ಪೆನ್ಸ್ ಸಿನಿಮಾದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ನಾನು ಕಂಡಿಲ್ಲ.

ನೋಡಿದವರು ಹೇಳಿ. ಸ್ಪಾಯ್ಲರ್ ಇದ್ದರೆ ಮೊದಲೇ ತಿಳಿಸಿ.

ಮಲ್ಪೆ ಗಾಳಿ:
ನೋಡಿದ್ದೇನೆ. ಸ್ಪಾಯ್ಲರ್ ಇದೆ, ನೋಡದವರು ಇಲ್ಲಿಗೇ ನಿಲ್ಲಿಸಿ.

ಮೊದಲ ಮುಕ್ಕಾಲು ಭಾಗಕ್ಕೆ ಕೈ ಮುಗಿಯಬೇಕು. ಕೊನೆ ಮಾತ್ರ ನನಗೆ ಹಿಡಿಸಲಿಲ್ಲ. ಆನ್‌ನ ಅಣ್ಣ ಸ್ಟೀವನ್ನೇ ಮಗುವನ್ನು ಅಡಗಿಸಿಟ್ಟದ್ದು ಅಂತ ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಅವನು ಚಿಕ್ಕ ಹುಡುಗನ ಹಾಗೆ ಆಡುತ್ತಾನೆ. ಉಯ್ಯಾಲೆ, ಕಣ್ಣಾಮುಚ್ಚಾಲೆ, ಓಡಾಟ, ಕೂಗಾಟ. ಅಲ್ಲಿವರೆಗೆ ಅಷ್ಟು ತಣ್ಣಗೆ, ಅಷ್ಟು ನಂಬುವ ಹಾಗೆ ಹೇಳಿದ ಕಥೆ ಒಮ್ಮೆಲೇ ಕಿರುಚಲು ಶುರು ಮಾಡುತ್ತದೆ. ಗುಟ್ಟು ಬಿಟ್ಟುಕೊಟ್ಟ ಮೇಲೆ ಇಷ್ಟು ಹೊತ್ತು ಎಳೆಯಬಾರದಿತ್ತು. ಸಿನಿಮಾ ಜನರ ಮನಸ್ಸಿನಲ್ಲಿ ಉಳಿಯದೆ ಹೋದದ್ದಕ್ಕೆ ಇದೇ ಕಾರಣ ಅಂತ ನನ್ನ ಅಭಿಪ್ರಾಯ.

ಕುಂದಾಪ್ರ ಟೀಚರ್:
ನಾನು ಅಂಗನವಾಡಿಯಲ್ಲಿ ಕೆಲಸ ಮಾಡುವವಳು. ಮಗ ಹೇಳಿದ ಅಂತ ನೋಡಿದ್ದು. ನನಗೆ ಕೊನೆಗಿಂತ ಶುರುವಿನಲ್ಲೇ ಕೈಕಾಲು ತಣ್ಣಗಾಯಿತು.

ಆ ಶಾಲೆಯಲ್ಲಿ ನಡೆಯುವುದನ್ನು ಸರಿಯಾಗಿ ನೋಡಿ. ಮೊದಲ ದಿನ ಬರುವ ಮಕ್ಕಳಿಗೆ ಅಂತಲೇ ಒಂದು ಕೋಣೆ. ಆನ್ ಬಂದಾಗ ಅಲ್ಲಿ ಟೀಚರ್ ಇಲ್ಲ. ಅವಳಿಗೆ ಮನೆ ಸಾಮಾನು ಬರುವ ಗಡಿಬಿಡಿ. ಅಡುಗೆಯವಳಿಗೆ ಹೇಳಿ ಹೋಗುತ್ತಾಳೆ. ಆ ಅಡುಗೆಯವಳೋ ಜಗಳ ಮಾಡಿಕೊಂಡು ಅದೇ ದಿನ ಕೆಲಸ ಬಿಟ್ಟು ಹೊರಟಳು. ಮುಗಿಯಿತು. ಮಗುವನ್ನು ಕೈಯಿಂದ ಕೈಗೆ ಕೊಟ್ಟವರಿಲ್ಲ, ತೆಗೆದುಕೊಂಡವರಿಲ್ಲ, ಪುಸ್ತಕದಲ್ಲಿ ಬರೆದವರಿಲ್ಲ. ಒಬ್ಬರು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಂಡರು, ಅಷ್ಟೇ. ಮಕ್ಕಳ ಜೊತೆ ಕೆಲಸ ಮಾಡುವವರಿಗೆ ಈ ಹತ್ತು ನಿಮಿಷ ಸಾಕು. ದೆವ್ವದ ಸಿನಿಮಾ ಯಾಕೆ ಬೇಕು?

ಇನ್ನೊಂದು. ಉಡುಪಿಯಲ್ಲಿ ಪರ್ಯಾಯದ ಜನಜಂಗುಳಿಯಲ್ಲಿ ಮಗು ಕೈತಪ್ಪಿದರೆ ಮೈಕಿನಲ್ಲಿ ಏನು ಹೇಳುತ್ತಾರೆ? ಹೆಸರು, ವಯಸ್ಸು, ಹಾಕಿದ ಅಂಗಿಯ ಬಣ್ಣ. ಕೇಳಿದ ಯಾರೂ ಆ ಮಗು ಇದೆಯೋ ಇಲ್ಲವೋ ಅಂತ ಕೇಳುವುದಿಲ್ಲ, ಸುತ್ತ ನೋಡಲು ಶುರು ಮಾಡುತ್ತಾರೆ. ಆನ್‌ಗೆ ಇಲ್ಲದೆ ಹೋದದ್ದು ಅದು. ಆ ಊರಲ್ಲಿ ಅವಳನ್ನು ಬಲ್ಲವರೇ ಇಲ್ಲ. ಅಣ್ಣ ಒಬ್ಬನೇ ಸಾಕ್ಷಿ.

ಪಣಂಬೂರು ಬಂದರು:
ಟೀಚರ್ ಹೇಳಿದ್ದು ಸರಿ. ‘ಅಣ್ಣ ಒಬ್ಬನೇ ಸಾಕ್ಷಿ’, ಇದರಲ್ಲೇ ಇಡೀ ಸಿನಿಮಾ ಉಂಟು.

ಮಲ್ಪೆಯವರೆ, ಗುಟ್ಟು ಹೇಗೆ ಬಿಚ್ಚುತ್ತದೆ ಅನ್ನುವುದನ್ನು ನೀವು ಗಮನಿಸಬೇಕಿತ್ತು. ನಾನು ಶಿಪ್ಪಿಂಗ್ ಕೆಲಸದಲ್ಲಿ ಇರುವವನು, ಹಾಗಾಗಿ ನನಗೆ ಇದು ಬಹಳ ಖುಷಿ ಕೊಟ್ಟಿತು. ನ್ಯೂಹೌಸ್ ಕೊನೆಗೆ ಹಿಡಿಯುವುದು ರಕ್ತದ ಕಲೆಯನ್ನಲ್ಲ, ಬೆರಳಚ್ಚನ್ನಲ್ಲ. ತಾಯಿ ಮಗು ಬಂದ ಹಡಗಿನ ಹೆಸರನ್ನು ಸ್ಟೀವನ್ ಪೊಲೀಸರಿಗೆ ತಪ್ಪು ಹೇಳಿರುತ್ತಾನೆ. ತಪ್ಪು ಹಡಗಿನ ಪಟ್ಟಿ ನೋಡಿದರೆ ಬನ್ನಿಯ ಹೆಸರು ಎಲ್ಲಿಂದ ಸಿಗಬೇಕು? ಹಡಗಿನಲ್ಲಿ ಬಂದವರ ಹೆಸರು ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಯಾವ ಹಡಗು ಅಂತ ಸರಿಯಾಗಿ ಗೊತ್ತಿರಬೇಕು, ಅಷ್ಟೇ. ಒಂದೇ ಒಂದು ಸುಳ್ಳಿನಿಂದ ಒಂದು ಮಗುವನ್ನು ಕಾಗದದ ಮೇಲೆ ಇಲ್ಲವಾಗಿಸಿದ. ಅದೇ ಸುಳ್ಳು ಅವನನ್ನು ಹಿಡಿಸಿತು.

ಒಲಿವಿಯರ್ ಆ ಪಾತ್ರವನ್ನು ಎಷ್ಟು ಕಡಿಮೆ ಮಾಡಿ ಮಾಡಿದ್ದಾರೆ ನೋಡಿ. ಅಷ್ಟು ದೊಡ್ಡ ನಟ, ಒಂದು ಕಡೆಯೂ ದನಿ ಎತ್ತುವುದಿಲ್ಲ. ಪ್ರಶ್ನೆ ಕೇಳುತ್ತಾರೆ, ಉತ್ತರ ಕೇಳಿಸಿಕೊಳ್ಳುತ್ತಾರೆ, ಮುಂದೆ ಹೋಗುತ್ತಾರೆ. ಆನ್‌ಳನ್ನು ಪಬ್‌ಗೆ ಕರೆದುಕೊಂಡು ಹೋಗಿ ಮಾತಾಡಿಸುವ ದೃಶ್ಯದಲ್ಲಿ ಅವರು ಅವಳ ಮೇಲೆ ಕರುಣೆ ತೋರಿಸುತ್ತಿದ್ದಾರೋ ಅವಳನ್ನು ಅಳೆಯುತ್ತಿದ್ದಾರೋ ಗೊತ್ತಾಗುವುದಿಲ್ಲ. ಎರಡೂ ಇರಬೇಕು.

ಮಲ್ಪೆ ಗಾಳಿ:
ಹಡಗಿನ ವಿಷಯ ಒಪ್ಪಿದೆ ಮಾರಾಯ್ರೆ. ಆದರೆ ಅದು ಬರುವುದು ಕೊನೆಯಲ್ಲಿ. ನಾನು ಕೇಳುವುದು ಬೇರೆ. ಸ್ಟೀವನ್ ಬಗ್ಗೆ ನಮಗೆ ಮೊದಲೇ ಸುಳಿವು ಕೊಟ್ಟಿದ್ದಾರಾ? ಸುಳಿವೇ ಕೊಡದೆ ಕೊನೆಗೆ ‘ಇವನೇ’ ಅಂದರೆ ಅದು ನೋಡುವವನಿಗೆ ಮೋಸ. ಅನುಮಾನ ಹುಟ್ಟಿಸಲು ಬೇರೆ ಪಾತ್ರಗಳನ್ನು ತಂದು ತಂದು ಹಾಕಿದ್ದಾರೆ. ಕುಡಿದು ಮೈಮೇಲೆ ಬೀಳುವ ಮನೆ ಮಾಲೀಕ (ನೋಯೆಲ್ ಕವರ್ಡ್). ಶಾಲೆಯ ಮಾಳಿಗೆಯಲ್ಲಿ ಕೂತು ಮಕ್ಕಳ ಕೆಟ್ಟ ಕನಸುಗಳನ್ನು ಟೇಪಿನಲ್ಲಿ ಕೂಡಿಡುವ ಮುದುಕಿ (ಮಾರ್ಟಿಟಾ ಹಂಟ್). ಇಬ್ಬರೂ ಅದ್ಭುತವಾಗಿ ಮಾಡಿದ್ದಾರೆ, ಆದರೆ ಕಥೆಗೆ ಇವರಿಂದ ಏನಾಯಿತು?

ಕದ್ರಿ ಗುಡ್ಡೆ:
ಸುಳಿವು ಉಂಟು, ಬೇಕಾದಷ್ಟು ಉಂಟು. ಅದೇ ಈ ಸಿನಿಮಾದ ಕುಶಲತೆ.

ಆನ್ ಮತ್ತು ಸ್ಟೀವನ್ ಅಣ್ಣ ತಂಗಿ ಅಂತ ನಿಮಗೆ ಯಾವಾಗ ಗೊತ್ತಾಯಿತು? ಶುರುವಿನಲ್ಲಿ ಎಲ್ಲರೂ ಗಂಡ ಹೆಂಡತಿ ಅಂತಲೇ ಅಂದುಕೊಳ್ಳುತ್ತಾರೆ. ಶಾಲೆಯವರೂ ಹಾಗೇ ಅಂದುಕೊಳ್ಳುತ್ತಾರೆ. ಅಣ್ಣ ಅಂತ ಗೊತ್ತಾದಾಗ ನಮಗೆ ಸ್ವಲ್ಪ ಮುಜುಗರ ಆಗುತ್ತದೆ, ಆದರೆ ನಾವದನ್ನು ಪಕ್ಕಕ್ಕಿಟ್ಟು ಮುಂದೆ ಹೋಗುತ್ತೇವೆ. ಆ ಮುಜುಗರವೇ ಸುಳಿವು. ಬನ್ನಿ ಅನ್ನುವುದು ಆನ್ ಚಿಕ್ಕವಳಿದ್ದಾಗ ಕಲ್ಪಿಸಿಕೊಂಡಿದ್ದ ಗೆಳತಿಯ ಹೆಸರು ಅಂತ ಹೊರಬರುತ್ತದಲ್ಲ, ಆಗ ನಾವೆಲ್ಲ ಆನ್ ಕಡೆ ತಿರುಗಿ ನೋಡುತ್ತೇವೆ. ಅದನ್ನು ನೆನಪಿಟ್ಟುಕೊಂಡು ಬಾಯಿಬಿಟ್ಟವನು ಯಾರು ಅಂತ ಯೋಚಿಸುವುದಿಲ್ಲ. ಅವನು ಜೋರಾಗಿ ಮಾತಾಡುತ್ತಾನೆ, ಪೊಲೀಸರ ಮೇಲೆ ರೇಗುತ್ತಾನೆ. ತಂಗಿಗಾಗಿ ಹೋರಾಡುವ ಅಣ್ಣ ಅಂತ ನಮಗೆ ಅನ್ನಿಸುತ್ತದೆ.

ಮೂಲ ಕಾದಂಬರಿ 1957ರದ್ದು, ಅಮೆರಿಕದ ಲೇಖಕಿ ಮೆರಿಯಮ್ ಮೊಡೆಲ್ ಬೇರೆ ಹೆಸರಿನಲ್ಲಿ ಬರೆದದ್ದು. ಅದು ನಡೆಯುವುದು ನ್ಯೂಯಾರ್ಕ್‌ನಲ್ಲಿ. ಅದರ ಕೊನೆ ನಂಬುವ ಹಾಗಿಲ್ಲ ಅಂತ ಪ್ರೆಮಿಂಜರ್ ಅಪರಾಧಿಯನ್ನೇ ಬದಲಾಯಿಸಿದರು. ಕಥೆಯನ್ನು ಲಂಡನ್‌ಗೆ ತಂದರು. ಚಿತ್ರಕಥೆ ಬರೆದದ್ದು ಜಾನ್ ಮತ್ತು ಪೆನೆಲೊಪಿ ಮಾರ್ಟಿಮರ್, ಗಂಡ ಹೆಂಡತಿ. ಅಪರಾಧಿ ಹೊರಗಿನವನಲ್ಲ, ಮನೆಯೊಳಗೇ ಇರುವವನು ಅಂತ ಆದ ಮೇಲೆ ಕಥೆಯ ತೂಕವೇ ಬೇರೆಯಾಯಿತು. ಮಾಲೀಕ, ಮುದುಕಿ ಇವರೆಲ್ಲ ನೋಡಲು ವಿಚಿತ್ರ, ಆದರೆ ಯಾರಿಗೂ ಏನೂ ಮಾಡಿದವರಲ್ಲ. ಸಭ್ಯನಾಗಿ, ಚಂದವಾಗಿ ಮಾತಾಡುವವನೇ ಅಪಾಯ. ಅದಕ್ಕೇ ಅವರು ಬೇಕು.

ದೇರಳಕಟ್ಟೆ ನರ್ಸ್:
ಎಲ್ಲರೂ ಹೊಗಳುತ್ತಿದ್ದೀರಿ. ನನಗೆ ಒಂದು ವಿಷಯ ಚುಚ್ಚುತ್ತದೆ, ಹೇಳಲೇಬೇಕು. ನಾನು ಮನೋರೋಗ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಆ ಕಾಲದ ಸಿನಿಮಾಗಳಲ್ಲಿ ಮತ್ತೆ ಮತ್ತೆ ಇದೇ. ಕೊಲೆ ಮಾಡಲು ಹೊರಟವನು ಯಾರು? ಮಾನಸಿಕ ತೊಂದರೆ ಇರುವವನು. ನಾನು ದಿನಾ ನೋಡುವ ಜನ ಯಾರಿಗೂ ಕೇಡು ಮಾಡುವವರಲ್ಲ. ಹೆಚ್ಚಿನವರು ಹೆದರಿದವರು, ದಣಿದವರು. ಇಂಥ ಸಿನಿಮಾ ನೋಡಿ ಬೆಳೆದವರು ಅವರನ್ನು ಕಂಡರೆ ಬಸ್ಸಿನಲ್ಲಿ ಸೀಟು ಬದಲಾಯಿಸುತ್ತಾರೆ. ‘ಸೈಕೋ’ ಮಾಡಿದ ಹಾನಿಯನ್ನೇ ಇದೂ ಮಾಡಿದೆ.

ಮಲ್ಪೆ ಗಾಳಿ:
ಅಕ್ಕ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಕೊನೆ ನನಗೆ ಹಿಡಿಸದೆ ಇದ್ದದ್ದಕ್ಕೆ ಇದೂ ಒಂದು ಕಾರಣ ಇರಬಹುದು.

ಕುಂದಾಪ್ರ ಟೀಚರ್:
ನರ್ಸ್ ಅಕ್ಕ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಆಸ್ಪತ್ರೆಯ ಭಾಗವನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮಗು ಇತ್ತು ಅನ್ನುವುದಕ್ಕೆ ಆನ್ ಕೈಯಲ್ಲಿ ಉಳಿದ ಒಂದೇ ಪುರಾವೆ ಬೊಂಬೆ. ಅದನ್ನು ರಿಪೇರಿಗೆ ಕೊಟ್ಟದ್ದು ಅವಳಿಗೆ ನೆನಪಾಗುತ್ತದೆ. ರಾತ್ರಿ ಹೊತ್ತು ಆ ‘ಬೊಂಬೆ ಆಸ್ಪತ್ರೆ’ಗೆ, ಅಂದರೆ ಬೊಂಬೆ ರಿಪೇರಿ ಅಂಗಡಿಗೆ, ಓಡುತ್ತಾಳೆ. ಸಾಲು ಸಾಲು ಒಡೆದ ಬೊಂಬೆಗಳ ನಡುವೆ ದೀಪ ಹಿಡಿದು ಹುಡುಕುತ್ತಾಳೆ. ಸಿಕ್ಕಿತು ಅನ್ನುವಷ್ಟರಲ್ಲಿ ಸ್ಟೀವನ್ ಬಂದು ಅವಳ ಕಣ್ಣೆದುರೇ ಸುಡುತ್ತಾನೆ. ಆಮೇಲೆ ಅವಳನ್ನು ಹೊಡೆದು ಬೀಳಿಸಿ ಆಸ್ಪತ್ರೆಗೆ ಸೇರಿಸಿ, ‘ಇವಳಿಗೆ ಭ್ರಮೆ’ ಅನ್ನುತ್ತಾನೆ. ಅವನ ಮಾತನ್ನು ಒಪ್ಪಿಕೊಳ್ಳುತ್ತಾರೆ. ತಲೆ ಕೆಟ್ಟವಳು ಅನ್ನಿಸಿಕೊಂಡದ್ದು ಸರಿ ಇದ್ದವಳು. ಸರಿ ಇದ್ದಾನೆ ಅನ್ನಿಸಿಕೊಂಡದ್ದು ಇವನು.

ಇದು ನಮಗೆ ಹೊಸತಲ್ಲ. ತ್ರಿವೇಣಿ ಬರೆದ ‘ಶರಪಂಜರ’, ಪುಟ್ಟಣ್ಣ ಕಣಗಾಲರು ಸಿನಿಮಾ ಮಾಡಿದ್ದು. ಅದರ ನಾಯಕಿ ಕಾವೇರಿ, ಮಾನಸಿಕ ಆಸ್ಪತ್ರೆಯಿಂದ ಗುಣವಾಗಿ ಬಂದ ಮೇಲೂ ಅವಳು ನಕ್ಕರೆ ತಪ್ಪು, ಸಿಟ್ಟು ಮಾಡಿದರೆ ತಪ್ಪು. ಕಲ್ಪನಾ ಅಭಿನಯ ನೋಡಿ ಅತ್ತವರಲ್ಲಿ ನಾನೂ ಒಬ್ಬಳು. ಒಬ್ಬ ಹೆಂಗಸಿಗೆ ಒಮ್ಮೆ ಆ ಹೆಸರು ಅಂಟಿತೆಂದರೆ ಮುಂದೆ ಅವಳ ಯಾವ ಮಾತಿಗೂ ಬೆಲೆ ಇಲ್ಲ. ಆನ್ ಮದುವೆಯಾಗದೆ ತಾಯಿಯಾದವಳು ಬೇರೆ. 1965ರಲ್ಲಿ ಅದೊಂದೇ ಸಾಕಿತ್ತು ಅವಳನ್ನು ಅನುಮಾನಿಸಲು.

ದೇರಳಕಟ್ಟೆ ನರ್ಸ್:
ಟೀಚರ್, ‘ಶರಪಂಜರ’ದ ಮಾತು ಪೂರ್ತಿ ಒಪ್ಪುತ್ತೇನೆ. ಆಸ್ಪತ್ರೆಯ ದೃಶ್ಯ ನನಗೂ ಸಂಕಟ ಮಾಡಿತು. ಕರೆತಂದವರು ಹೇಳಿದ್ದನ್ನು ನಾವು ಬರೆದುಕೊಳ್ಳಲೇಬೇಕು, ಬೇರೆ ದಾರಿ ಇಲ್ಲ. ಆದರೆ ರೋಗಿ ಹೇಳಿದ್ದನ್ನೂ ಅವರದೇ ಮಾತಿನಲ್ಲಿ ಬರೆಯಬೇಕು. ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯಿದೆ ಬಂದ ಮೇಲೆ, ತನ್ನ ಪರವಾಗಿ ಯಾರು ಮಾತಾಡಬೇಕು ಅಂತ ರೋಗಿಯೇ ಹೆಸರು ಕೊಡಬಹುದು. ಅಂಥದ್ದು ಇದ್ದಿದ್ದರೆ ಆನ್ ಒಂಟಿಯಾಗುತ್ತಿರಲಿಲ್ಲ.

ಪಣಂಬೂರು ಬಂದರು:
ಅಕ್ಕ, ಒಂದು ಮಾತು. ಆ ದಿನ ಬೆಳಿಗ್ಗೆ ಕೇಳಿದ್ದರೆ ಆನ್ ಯಾರ ಹೆಸರು ಕೊಡುತ್ತಿದ್ದಳು? ಸ್ಟೀವನ್ ಹೆಸರನ್ನೇ ಅಲ್ವಾ?

ದೇರಳಕಟ್ಟೆ ನರ್ಸ್:
ಹೌದು. ಅವನ ಹೆಸರನ್ನೇ ಕೊಡುತ್ತಿದ್ದಳು. ಅದಕ್ಕೇ ಆ ಹೆಸರನ್ನು ಯಾವಾಗ ಬೇಕಾದರೂ ಬದಲಾಯಿಸಲು ಕಾನೂನಿನಲ್ಲಿ ಅವಕಾಶ ಇಟ್ಟಿದ್ದಾರೆ. ಆದರೆ ಬದಲಾಯಿಸಬೇಕು ಅಂತ ಹೇಳಿದರೆ ಕೇಳಿಸಿಕೊಳ್ಳುವವರು ಬೇಕಲ್ಲ? ಸಿನಿಮಾ ಇದನ್ನು ಸರಿಯಾಗಿ ಹಿಡಿದಿದೆ, ಅದನ್ನು ಅಲ್ಲಗಳೆಯಲಾರೆ. ಸ್ಟೀವನ್ ಪಾತ್ರದ ಬಗ್ಗೆ ನನ್ನ ತಕರಾರು ಹಾಗೇ ಇದೆ.

ಬಿಜೈ ಹುಡುಗ:
ನಾನು ನಿನ್ನೆ ಇಲ್ಲಿ ಓದಿ ಸಿನಿಮಾ ನೋಡಿದೆ. ಗುಟ್ಟು ಗೊತ್ತಿದ್ದೂ ಬೇಜಾರಾಗಲಿಲ್ಲ. 107 ನಿಮಿಷ ಎಲ್ಲೂ ಎಳೆದ ಹಾಗೆ ಅನ್ನಿಸಲಿಲ್ಲ. ಟೈಟಲ್‌ಗಳ ಬಗ್ಗೆ ಯಾರೂ ಹೇಳಿಲ್ಲವಲ್ಲ? ಒಂದು ಕೈ ಬಂದು ಕಪ್ಪು ಕಾಗದವನ್ನು ಚೂರು ಚೂರೇ ಹರಿಯುತ್ತದೆ, ಹರಿದಲ್ಲಿ ಹೆಸರು ಕಾಣುತ್ತದೆ. ಸಾಲ್ ಬಾಸ್ ಮಾಡಿದ್ದಂತೆ. ಇಷ್ಟು ಸರಳವಾಗಿ ಹೆದರಿಸಬಹುದು ಅಂತ ಗೊತ್ತಿರಲಿಲ್ಲ. ಶೂಟಿಂಗ್ ಕೂಡ ಈಗಿನ ಸಿನಿಮಾಗಳ ಹಾಗೆ ಕಚಕಚ ಕತ್ತರಿಸಿಲ್ಲ. ಕ್ಯಾಮೆರಾ ಜನರ ಹಿಂದೆಯೇ ಕೋಣೆಯಿಂದ ಕೋಣೆಗೆ ಹೋಗುತ್ತದೆ, ಅಗಲ ಪರದೆ, ಮೂಲೆ ಮೂಲೆಯೂ ಕಾಣುತ್ತದೆ. ನಾನು ಪ್ರತಿ ಬಾಗಿಲ ಸಂದಿಯಲ್ಲೂ ಮಗುವನ್ನು ಹುಡುಕುತ್ತಿದ್ದೆ.

ಕದ್ರಿ ಗುಡ್ಡೆ:
ಅದನ್ನು ಶೂಟ್ ಮಾಡಿದ್ದು ಡೆನಿಸ್ ಕೂಪ್. ಹುಡುಗ ಸರಿಯಾಗಿ ನೋಡಿದ್ದಾನೆ.

ಈಗ ಮಲ್ಪೆಯವರ ಕೊನೆಯ ದೃಶ್ಯಕ್ಕೆ ಬರುತ್ತೇನೆ. ಬಿಡ್ಲಿಕ್ಕೆ ಮನಸ್ಸಿಲ್ಲ. ಆನ್ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಸ್ಟೀವನ್ ಇರುವ ಮನೆಗೆ ಬರುತ್ತಾಳೆ. ಸ್ಟೀವನ್ ತೋಟದಲ್ಲಿ ಬನ್ನಿಯ ಸಾಮಾನು ಹೂಳುತ್ತಿದ್ದಾನೆ. ಮಗು ಕಾರಿನ ಡಿಕ್ಕಿಯಲ್ಲಿ, ನಿದ್ದೆ ಬರುವ ಔಷಧಿ ಕೊಟ್ಟು ಮಲಗಿಸಿದ್ದಾನೆ. ಆನ್ ಕೈಯಲ್ಲಿ ಏನಿದೆ? ಆಯುಧ ಇಲ್ಲ, ಪೊಲೀಸರು ಇಲ್ಲ. ಅವನು ಚಿಕ್ಕವನಿದ್ದಾಗ ಏನು ಆಡಿದರೆ ಖುಷಿಪಡುತ್ತಿದ್ದ ಅನ್ನುವುದು ಮಾತ್ರ ಅವಳಿಗೆ ಗೊತ್ತು. ಅದನ್ನೇ ಹಿಡಿದುಕೊಳ್ಳುತ್ತಾಳೆ. ಆಡೋಣ ಬಾ ಅನ್ನುತ್ತಾಳೆ. ಒಂದು ಆಟ ಮುಗಿದರೆ ಇನ್ನೊಂದು. ಆಟ ನಿಂತರೆ ಮಗು ಸತ್ತ ಹಾಗೆ. ಅದಕ್ಕೇ ಅಷ್ಟು ಉದ್ದ, ಅದಕ್ಕೇ ಅಷ್ಟು ಗದ್ದಲ. ಅಲ್ಲಿವರೆಗೆ ಎಲ್ಲರ ಎದುರು ಬೇಡಿಕೊಂಡವಳು ಇಲ್ಲಿ ಯಾರನ್ನೂ ಬೇಡುವುದಿಲ್ಲ. ಆನ್ ಪಾತ್ರ ಮಾಡಿದ ಕ್ಯಾರೊಲ್ ಲಿನ್ಲಿ ಮುಖ ನೋಡಿ ಅಲ್ಲಿ. ನಗುತ್ತಲೇ ಲೆಕ್ಕ ಹಾಕುತ್ತಿರುತ್ತಾಳೆ.

ಮಲ್ಪೆ ಗಾಳಿ:
ಆನ್ ಕಡೆಯಿಂದ ನೋಡಿದರೆ ನೀವು ಹೇಳುವುದು ಸರಿ ಅನ್ನಿಸುತ್ತದೆ. ಸ್ಟೀವನ್ ಪಾತ್ರ ಮಾಡಿದ ಕಿಯರ್ ಡುಲೇ ಮಾತ್ರ ಅಲ್ಲಿ ಜಾಸ್ತಿ ಮಾಡಿದ್ದಾನೆ, ಅದರಲ್ಲಿ ನಾನು ಕದಲುವುದಿಲ್ಲ. ಅದೇ ನಟ ಮೂರು ವರ್ಷದ ನಂತರ ಕುಬ್ರಿಕ್ ಅವರ ‘2001: ಎ ಸ್ಪೇಸ್ ಒಡಿಸ್ಸಿ’ ಸಿನಿಮಾದಲ್ಲಿ ಎಷ್ಟು ಅಳತೆಯಾಗಿ ಮಾಡಿದ್ದಾನೆ ನೋಡಿ.

ಬಿಜೈ ಹುಡುಗ:
ಅಣ್ಣ, ಬಿಡುಗಡೆಯಾದಾಗ ಸಿನಿಮಾ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲವಂತೆ, ನಿಜವಾ?

ಕದ್ರಿ ಗುಡ್ಡೆ:
ಹೌದು, ಹಾಗೇ ಪ್ರಚಾರ ಮಾಡಿದ್ದರು. ಐದು ವರ್ಷ ಮೊದಲು ‘ಸೈಕೋ’ಗೂ ಇದೇ ನಿಯಮ ಇತ್ತು. ಅದರಿಂದಲೇ ಜನ ಇದನ್ನು ‘ಸೈಕೋ’ ಪಕ್ಕ ಇಟ್ಟು ಅಳೆದರು, ವಿಮರ್ಶಕರೂ ಅಷ್ಟಾಗಿ ಮೆಚ್ಚಲಿಲ್ಲ. ‘ಸೈಕೋ’ದ ಹಾಗೆ ಬೆಚ್ಚಿಬೀಳಿಸುವ ಸಿನಿಮಾ ಅಲ್ಲ ಇದು. ಹಾಗಾಗಿ ಹಿಂದೆ ಉಳಿಯಿತು.

ಕುಂದಾಪ್ರ ಟೀಚರ್:
ನಮ್ಮ ಮೇಲ್ವಿಚಾರಕಿಗೆ ಶುರುವಿನ ಆ ಭಾಗ ತೋರಿಸಬೇಕು ಅಂತಿದ್ದೇನೆ. ಮಗುವನ್ನು ಬಿಡಲು ಬಂದವರು ಯಾರು, ತೆಗೆದುಕೊಂಡವರು ಯಾರು ಅಂತ ಸಹಿ ಹಾಕಿಸುವ ಪುಸ್ತಕ ಬೇಕು ಅಂತ ಕೇಳುತ್ತಲೇ ಇದ್ದೇನೆ. ಮಾತಿನಲ್ಲಿ ಹೇಳಿದರೆ ‘ಆಯ್ತು ಟೀಚರ್’ ಅನ್ನುತ್ತಾರೆ. ಸಿನಿಮಾ ನೋಡಿದರೆ ಬೇಗ ಕೊಡಬಹುದು.